ಬೆಳಿಗ್ಗೆ ಆರು ಗಂಟೆಯ ಮೀನು ವಾಸನೆ

"ನಮ್ಮನೇಲಿ ಮೀನಿನ ವಾಸನೆ ಬರ್ತಿದೆ ಕಣಪ್ಪಾ" ಅಂತ ಅಗ್ರಹಾರದ ಅಜ್ಜಿಯೊಬ್ಬರು ಫೋನ್ ಮಾಡಿದಾಗ ನನಗೆ ನಗು ಬಂತು. ಬೆಳ್ಳುಳ್ಳಿಯೂ ಹೊಸಿಲು ದಾಟದ ಮನೆ ಅದು. ಪ್ಲಂಬರ್ ಬಂದು ಮೋರಿ ನೋಡಿ ಹೋಗಿದ್ದ. ಪಕ್ಕದ ಮನೆಯವರು ಇಲಿ ಸತ್ತಿರಬೇಕು ಅಂದಿದ್ದರು. ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ನೋಡಿದ್ದಾಯ್ತು, ಇಲಿಯೂ ಸಿಗಲಿಲ್ಲ. ಕೊನೆಗೆ ಮೊಮ್ಮಗ "ಎಲೆಕ್ಟ್ರಿಷಿಯನ್‌ಗೂ ಒಂದ್ಸಲ ತೋರ್ಸು" ಅಂದನಂತೆ.

ಮೈಸೂರಿನಲ್ಲಿ ನಾನು ಮನೆ ವೈರಿಂಗ್ ಕೆಲಸ ಮಾಡಿಕೊಂಡು ಬಂದು ಹತ್ತೊಂಬತ್ತು ವರ್ಷ ಆಯಿತು. ಐಟಿಐ ಮುಗಿಸಿದ್ದೇನೆ, ವೈರ್‌ಮನ್ ಪರ್ಮಿಟ್ ಇದೆ. ಸ್ವಲ್ಪ ಜಂಬವೂ ಇತ್ತು ಅನ್ನಿ. ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ವಾಸನೆ ಇರಲಿಲ್ಲ. ಬಚ್ಚಲುಮನೆ ಹೊರಗೆ ಗೀಸರ್‌ನ ಪವರ್ ಪಾಯಿಂಟ್. ಟೆಸ್ಟರ್ ಇಟ್ಟೆ, ದೀಪ ಹತ್ತಿತು. ಸ್ವಿಚ್ ಹಾಕಿದೆ, ಗೀಸರ್‌ನ ಕೆಂಪು ದೀಪವೂ ಬಂತು. ಎರಡು ನಿಮಿಷ ನಿಂತು ಆರಿಸಿದೆ. ಬೋರ್ಡಿನ ಕೆಳಗೆ ತುಂಬಿದ ಬಕೆಟ್ ಒಂದು ಇತ್ತು, ಸ್ನಾನಕ್ಕೆ ಹಿಡಿದಿಟ್ಟಿರಬೇಕು ಅಂದುಕೊಂಡೆ. "ಕರೆಂಟಿನದ್ದೇನೂ ತೊಂದರೆ ಇಲ್ಲ ಅಜ್ಜಿ" ಅಂತ ಹೇಳಿ ಬಂದೆ.

ಹತ್ತು ದಿನ ಬಿಟ್ಟು ಮತ್ತೆ ಫೋನ್. ಮತ್ತೆ ಹೋದೆ, ಈ ಸಲ ಮಧ್ಯಾಹ್ನ. ಅದೇ ಟೆಸ್ಟರ್, ಅದೇ ಮಾತು. ವಯಸ್ಸಾದವರಿಗೆ ಇಂಥ ಭ್ರಮೆ ಆಗುತ್ತೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಅದನ್ನು ಬರೆಯೋಕೆ ಈಗ ನಾಚಿಕೆ ಆಗುತ್ತೆ.

ಮೂರನೇ ಸಲ ಅಜ್ಜಿ ಜಗಳ ಆಡಲಿಲ್ಲ. "ನಾಳೆ ಬೆಳಿಗ್ಗೆ ಆರಕ್ಕೆ ಬಾಪ್ಪಾ, ಕಾಫಿ ಕೊಡ್ತೀನಿ" ಅಂದರು ಅಷ್ಟೇ.

ಹೋದೆ. ಅವರೇ ಗೀಸರ್ ಸ್ವಿಚ್ ಹಾಕಿ, ಲೋಟ ಕೈಗೆ ಕೊಟ್ಟು, "ಈಗ ಸುಮ್ನೆ ಹತ್ತು ನಿಮಿಷ ಕೂತ್ಕೋ" ಅಂದರು. ಕಾಫಿ ಅರ್ಧ ಆಗಿತ್ತು, ಮೂಗಿಗೆ ಬಡಿಯಿತು. ಮೀನುಮಾರ್ಕೆಟ್ಟಿನ ಹಿಂಬದಿಯಲ್ಲಿ ಬರುತ್ತಲ್ಲ, ಅದೇ. ಎದ್ದು ಹೋಗಿ ಸಾಕೆಟ್ ಪಕ್ಕದ ಪ್ಲೇಟಿಗೆ ಬೆರಳಿನ ಹಿಂಭಾಗ ತಾಗಿಸಿದೆ. ಚುರ್ ಅಂತು. ಓಡಿ ಹೋಗಿ ಮೇನ್ ಆಫ್ ಮಾಡಿದೆ.

ಪ್ಲೇಟ್ ಬಿಚ್ಚಿದಾಗ ಕಂಡದ್ದು ಇದು. ನ್ಯೂಟ್ರಲ್ ವೈರಿನ, ಅಂದರೆ ಕರೆಂಟು ವಾಪಸ್ ಹೋಗೋ ವೈರಿನ, ಕಪ್ಪು ಸಿಪ್ಪೆ ಸ್ಕ್ರೂ ಹತ್ತಿರ ಒಂದಿಂಚು ಬೂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸುಟ್ಟ ಹಪ್ಪಳದ ಹಾಗೆ ಮುರಿದು ಉದುರುತ್ತಿತ್ತು. ಒಳಗಿನ ತಾಮ್ರ ಹೊಳಪು ಕಳೆದುಕೊಂಡು ಕರಕಲಾಗಿತ್ತು. ಸ್ಕ್ರೂ ತಲೆ ನೀಲಿ ಹೊಡೆದಿತ್ತು. ಸಾಕೆಟ್ಟಿನ ಹಿಂಭಾಗ ಹುರಿದ ಕೊಬ್ಬರಿ ಬಣ್ಣ. ಸ್ಕ್ರೂಡ್ರೈವರ್ ಇಟ್ಟರೆ ಸ್ಕ್ರೂ ಒಂದೂವರೆ ಸುತ್ತು ಸಲೀಸಾಗಿ ತಿರುಗಿತು.

ಆ ವಾಸನೆಗೆ ಕಾರಣ ಇದೆ. ಎಷ್ಟೋ ಬಿಳಿ ಸ್ವಿಚ್ಚು, ಸಾಕೆಟ್ಟುಗಳನ್ನು ಯೂರಿಯಾ ಸೇರಿಸಿದ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮಾಡಿರುತ್ತಾರೆ. ಅದು ವಿಪರೀತ ಬಿಸಿಯಾದರೆ ಅಮೈನ್ ಜಾತಿಯ ಅನಿಲ ಬಿಡುತ್ತೆ. ಹಳಸಿದ ಮೀನಿನಿಂದ ಬರೋದೂ ಅದೇ ಜಾತಿಯ ವಾಸನೆ. ಅಜ್ಜಿಯ ಮೂಗು ಸರಿಯಾಗಿಯೇ ಹೇಳಿತ್ತು.

ನನ್ನ ಟೆಸ್ಟರ್ ಯಾಕೆ ಹೇಳಲಿಲ್ಲ? ಅದರ ದೀಪ ಹತ್ತಿದರೆ ಫೇಸ್, ಅಂದರೆ ಕರೆಂಟು ತರೋ ವೈರು, ಜೀವಂತ ಇದೆ ಅಂತಷ್ಟೇ ಅರ್ಥ. ಜಾಯಿಂಟ್ ಗಟ್ಟಿ ಇದೆಯೋ ಸಡಿಲ ಇದೆಯೋ ಅದಕ್ಕೆ ಗೊತ್ತಾಗಲ್ಲ, ಅದೂ ನ್ಯೂಟ್ರಲ್ ಕಡೆ. ಸಡಿಲ ಜಾಯಿಂಟ್ ಬಿಸಿಯಾಗೋದು ಲೋಡ್ ಹರಿದಾಗ, ಅದೂ ಸ್ವಲ್ಪ ಹೊತ್ತು ಹರಿದ ಮೇಲೆ. ನಾನು ಎರಡೂ ಸಲ ಎರಡೆರಡು ನಿಮಿಷ ನೋಡಿ ಎದ್ದು ಬಂದಿದ್ದೆ.

ಲೆಕ್ಕ ಹಾಕಿದರೆ ಹೆದರಿಕೆ ಆಗುತ್ತೆ. 2000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತೆ. ಸಡಿಲ ಜಾಯಿಂಟಿನಲ್ಲಿ ಬರೀ 0.2 ಓಮ್ ತಡೆ ಇದ್ದರೂ ಅಲ್ಲೇ 15 ವ್ಯಾಟ್ ಶಾಖ ಹುಟ್ಟುತ್ತೆ. ರೇಡಿಯೋ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂದರೆ ಅದರ ಅರ್ಧಕ್ಕಿಂತ ಜಾಸ್ತಿ ಶಾಖ, ಮೆಣಸಿನಕಾಳಿನಷ್ಟು ಜಾಗದಲ್ಲಿ, ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ. ಮಾಮೂಲಿ ಪಿವಿಸಿ ವೈರಿನ ಸಿಪ್ಪೆ ತಡೆಯೋದು 70 ಡಿಗ್ರಿವರೆಗೆ.

"ಎಂಸಿಬಿ ಇದೆಯಲ್ಲ, ಬೀಳಬೇಕಿತ್ತಲ್ವಾ?" ಅಂತ ಮೊಮ್ಮಗ ಕೇಳಿದ. ಎಲ್ಲರೂ ಕೇಳೋ ಪ್ರಶ್ನೆ. ಎಂಸಿಬಿ ಅಂದರೆ ಬೋರ್ಡಿನಲ್ಲಿ ತಾನಾಗಿ ಬೀಳೋ ಸ್ವಿಚ್ಚು, ಅದು ನೋಡೋದು ಕರೆಂಟು ಮಿತಿ ಮೀರಿತಾ ಅಂತ. ಇಲ್ಲಿ ಮೀರಿಲ್ಲ, 16 ಆಂಪಿಯರಿನ ಎಂಸಿಬಿಯಲ್ಲಿ 8.7 ಹರಿಯುತ್ತಿದೆ. ಅದರ ಲೆಕ್ಕದಲ್ಲಿ ಎಲ್ಲ ಸರಿ. ಕರೆಂಟು ಸೋರಿದರೆ ಬೀಳೋ ಆರ್‌ಸಿಸಿಬಿ ಸ್ವಿಚ್ಚು ಇದ್ದಿದ್ದರೂ ಬೀಳುತ್ತಿರಲಿಲ್ಲ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ, ಮಧ್ಯೆ 30 ಮಿಲಿಆಂಪಿಯರ್ ಎಲ್ಲಾದರೂ ಸೋರಿತಾ ಅಂತ ಅದು ಕಾಯುತ್ತೆ. ಶಾಕ್ ಹೊಡೆದಾಗ ಜೀವ ಉಳಿಸೋದು ಅದೇ, ಹಾಕಿಸಿಕೊಳ್ಳಲೇಬೇಕು. ಆದರೆ ಸಡಿಲ ಸ್ಕ್ರೂ ಅದರ ಕಣ್ಣಿಗೆ ಬೀಳಲ್ಲ.

ಈಗ ನನಗೆ ಕಷ್ಟದ ಭಾಗ. ಆ ಪಾಯಿಂಟ್ ಹಾಕಿದ್ದು ನಾನೇ. ಮೂರು ವರ್ಷದ ಹಿಂದೆ ಗೀಸರ್ ಬದಲಾಯಿಸಿದಾಗ. ವೈರಿನ ಸಿಪ್ಪೆ ಸಾಕಷ್ಟು ಸುಲಿದಿರಲಿಲ್ಲ. ಸ್ಕ್ರೂ ಅರ್ಧ ತಾಮ್ರದ ಮೇಲೆ, ಅರ್ಧ ಪಿವಿಸಿ ಮೇಲೆ ಕೂತಿತ್ತು. ಅವತ್ತು ಗಟ್ಟಿಯಾಗೇ ಇತ್ತು, ಎಳೆದರೆ ಬರುತ್ತಿರಲಿಲ್ಲ. ಆದರೆ ಪಿವಿಸಿ ಬಿಸಿಗೆ ಮೆತ್ತಗಾಗಿ ಒತ್ತಿಕೊಂಡು ಹೋಯಿತು. ಹಿಡಿತ ಸಡಿಲ ಆಯಿತು. ಸಡಿಲ ಆದಷ್ಟೂ ಬಿಸಿ, ಬಿಸಿಯಾದಷ್ಟೂ ಇನ್ನಷ್ಟು ಸಡಿಲ.

ಹೇಳಲೋ ಬೇಡವೋ ಅಂತ ಒಂದು ನಿಮಿಷ ಅನ್ನಿಸಿತು. ಸಾಕೆಟ್ ಕ್ವಾಲಿಟಿ ಸರಿ ಇಲ್ಲ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಮ್ಮ ಕೆಲಸದಲ್ಲಿ ಆ ಮಾತು ನಾಲಿಗೆ ತುದಿಯಲ್ಲೇ ಇರುತ್ತೆ. ಹೇಳಿಬಿಟ್ಟೆ. ಅಜ್ಜಿ ಬೈಯಲಿಲ್ಲ. ವೈರನ್ನೇ ನೋಡುತ್ತಾ, "ಇನ್ನೂ ಯಾರ್‍ಯಾರ ಮನೇಲಿ ಹೀಗೆ ಹಾಕಿದ್ದೀಯಪ್ಪಾ?" ಅಂದರು.

ಬೈದಿದ್ದರೇ ವಾಸಿಯಿತ್ತು.

ಸುಟ್ಟ ವೈರನ್ನು ಹೊಳೆಯೋ ತಾಮ್ರ ಸಿಗೋವರೆಗೂ ಕತ್ತರಿಸಿದೆ, ಹೊಸ ಸಾಕೆಟ್ ಹಾಕಿದೆ, ದುಡ್ಡು ತಗೊಳ್ಳಲಿಲ್ಲ. ಮನೆಗೆ ಬಂದು ಹಳೇ ಡೈರಿ ತೆಗೆದೆ. ಆ ವರ್ಷ ಹದಿನಾಲ್ಕು ಗೀಸರ್ ಪಾಯಿಂಟ್ ಹಾಕಿದ್ದೆ. ಹನ್ನೊಂದು ಮನೆಯವರು ಫೋನಿಗೆ ಸಿಕ್ಕರು. "ಸುಮ್ನೆ ಒಂದ್ಸಲ ಚೆಕ್ ಮಾಡ್ತೀನಿ, ದುಡ್ಡು ಬೇಡ" ಅಂದರೆ ಕೆಲವರಿಗೆ ಅನುಮಾನ! ಇಬ್ಬರ ಮನೆಯಲ್ಲಿ ಸ್ಕ್ರೂ ಸಡಿಲ ಇತ್ತು. ಒಂದರಲ್ಲಿ ಸಿಪ್ಪೆ ಬಣ್ಣ ತಿರುಗೋಕೆ ಶುರುವಾಗಿತ್ತು.

ಅಲ್ಲಿಂದ ಕೆಲಸದ ರೀತಿ ಬದಲಾಯಿತು. ವಾಸನೆ, ಶಬ್ದ, ದೀಪ ಮಿಣುಕೋದು ಅಂತ ಯಾರಾದರೂ ಕರೆದರೆ ಮೊದಲು ಕೇಳೋದು "ಯಾವ ಹೊತ್ತಿಗೆ? ಆಗ ಏನೇನು ಆನ್ ಇರುತ್ತೆ?" ಅಂತ. ಆ ಹೊತ್ತಿಗೇ ಹೋಗುತ್ತೇನೆ. ಗೀಸರ್, ಇಂಡಕ್ಷನ್ ಒಲೆ, ಏನಿದೆಯೋ ಅದನ್ನು ಹಾಕಿಸಿ ಹದಿನೈದು ನಿಮಿಷ ಕಾಯುತ್ತೇನೆ. ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟು ನೋಡಿ, ಆಮೇಲೆ ಪ್ಲೇಟ್ ಮುಟ್ಟಿ ನೋಡುತ್ತೇನೆ. ಹೊಸ ಪಾಯಿಂಟ್ ಹಾಕಿದರೆ ಸ್ಕ್ರೂ ಕೆಳಗೆ ಸಿಪ್ಪೆ ಸಿಕ್ಕಿಲ್ಲ ಅಂತ ನೋಡಿಕೊಂಡು, ಪ್ರತಿ ವೈರನ್ನೂ ಒಂದೊಂದಾಗಿ ಎಳೆದು ನೋಡುತ್ತೇನೆ. ಹುಡುಗರು "ಅಣ್ಣ, ಟೈಮ್ ವೇಸ್ಟ್" ಅಂತಾರೆ. ಅವರಿಗೆ ತೋರಿಸೋಕೇ ಆ ಸುಟ್ಟ ಸಾಕೆಟ್ಟನ್ನು ಟೂಲ್ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ.

ಎಲ್ಲ ಕಡೆ ನಮ್ಮ ಮಾತು ನಡೆಯಲ್ಲ. ಬಾಡಿಗೆ ಮನೆಗಳ ಮಾಲೀಕರೊಬ್ಬರು "ಎಂಸಿಬಿ ಪದೇ ಪದೇ ಬೀಳುತ್ತೆ, 16 ತೆಗೆದು 32 ಹಾಕಿಬಿಡಿ" ಅಂದರು. ಗೋಡೆಯೊಳಗಿನ ಪೈಪಿನಲ್ಲಿ ಇದ್ದದ್ದು ಎರಡೂವರೆ ಚದರ ಮಿಲಿಮೀಟರಿನ ವೈರು. ಅದು ತಡೆಯೋದು 20 ಆಂಪಿಯರ್ ಆಸುಪಾಸು. 32ರ ಎಂಸಿಬಿ 36 ಆಂಪಿಯರ್ ಹರಿದರೂ ಒಂದು ಗಂಟೆ ಬೀಳದೆ ನಿಂತಿರಬಹುದು. ಅಷ್ಟರಲ್ಲಿ ವೈರೇ ಕಾದ ಕಂಬಿ ಆಗಿರುತ್ತೆ. ಬಾಡಿಗೆಯವರು ಒಂದೇ ಲೈನಿನಲ್ಲಿ ಗೀಸರ್, ಇಂಡಕ್ಷನ್ ಎರಡೂ ಹಾಕುತ್ತಿದ್ದರು, ಅದಕ್ಕೇ ಬೀಳುತ್ತಿತ್ತು. ಬೇರೆ ಲೈನ್ ಎಳೆಯಬೇಕು ಅಂದೆ. ಗೋಡೆ ಒಡೆಯೋಕೆ ಅವರು ಒಪ್ಪಲಿಲ್ಲ. ನಾನು 32 ಹಾಕೋಕೆ ಒಪ್ಪಲಿಲ್ಲ. ಆಮೇಲೆ ಬೇರೆಯವರು ಬಂದು ಹಾಕಿದರಂತೆ. ಇವತ್ತಿನವರೆಗೆ ಏನೂ ಆಗಿಲ್ಲ. "ನೋಡಿ, ಏನೂ ಆಗ್ಲಿಲ್ಲ" ಅಂತ ಸಿಕ್ಕಾಗಲೆಲ್ಲ ಹೇಳುತ್ತಾರೆ. ಬಾಡಿಗೆಯವರಿಗೆ ಮಾತ್ರ ಎರಡೂ ಒಟ್ಟಿಗೆ ಹಾಕಬೇಡಿ ಅಂತ ಹೇಳಿಟ್ಟು ಬಂದಿದ್ದೆ.

ಇನ್ನೊಂದು ಕಡೆ ಹೆದರಿಸಿ ದುಡ್ಡು ಮಾಡೋರು. ಎಲ್ಲಾದರೂ ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಅಂತ ಟಿವಿಯಲ್ಲಿ ಬಂದರೆ ಸಾಕು, ಎರಡು ದಿನ ನನ್ನ ಫೋನ್ ನಿಲ್ಲಲ್ಲ. ಆಗ "ಇಡೀ ಮನೆ ವೈರಿಂಗ್ ಬದಲಾಯಿಸಿ" ಅಂದರೆ ಜನ ಒಪ್ಪಿಬಿಡುತ್ತಾರೆ. ಕೆಲವು ಮನೆಗೆ ನಿಜಕ್ಕೂ ಬೇಕು. ಹಳೇ ಅಲ್ಯೂಮಿನಿಯಂ ವೈರು, ಅರ್ತಿಂಗೇ ಇಲ್ಲದ ಪ್ಲಗ್ಗು, ಫ್ಯೂಸಿಗೆ ದಪ್ಪ ತಂತಿ ಸುತ್ತಿರೋದು ಇದ್ದರೆ ನಾನೂ ಹಾಗೇ ಹೇಳುತ್ತೇನೆ. ಆದರೆ ಮೊದಲು ಮೆಗ್ಗರ್, ಅಂದರೆ ವೈರಿನ ಸಿಪ್ಪೆ (ಇನ್ಸುಲೇಷನ್) ಚೆನ್ನಾಗಿದೆಯಾ ಅಂತ ಅಳೆಯೋ ಮೀಟರ್, ಹಾಕಿ ನೋಡಬೇಕು. ಇನ್ಸುಲೇಷನ್ ಚೆನ್ನಾಗಿದ್ದರೆ ಎಷ್ಟೋ ಸಲ ಸ್ಕ್ರೂ ಬಿಗಿ ಮಾಡಿ, ಬಿಸಿಯಾದ ಎರಡು ಸಾಕೆಟ್ ಬದಲಾಯಿಸಿದರೆ ಮುಗಿಯುತ್ತೆ. ಸಾವಿರ ರೂಪಾಯಿ ಒಳಗಿನ ಕೆಲಸ.

ಅಜ್ಜಿ ಮನೆಯ ಬಕೆಟ್ ವಿಷಯ ಬಾಕಿ ಇದೆ. ಸಾಕೆಟ್ ಹಾಕಿ ಮುಗಿಸಿದಾಗ ನೋಡಿದೆ, ಅದೇ ಬಕೆಟ್ ಅದೇ ಜಾಗದಲ್ಲಿ ಇತ್ತು. ಕೇಳಿದ್ದಕ್ಕೆ "ಬೆಂಕಿ ಹತ್ತಿಕೊಂಡ್ರೆ ಎರಚೋಕೆ" ಅಂದರು. ನನ್ನ ಎದೆ ಧಸಕ್ ಅಂತು. ಅಂದರೆ ಒಂದು ತಿಂಗಳಿಂದ ಅವರು ಹೆದರಿಕೊಂಡೇ ಮಲಗುತ್ತಿದ್ದರು, ನಾನು ಏನೂ ಇಲ್ಲ ಅಂತ ಹೇಳಿ ಹೋಗುತ್ತಿದ್ದೆ. ಕರೆಂಟಿನ ಬೆಂಕಿಗೆ ನೀರು ಎರಚಿದರೆ ಎರಚಿದವರಿಗೇ ಶಾಕ್ ಹೊಡೆಯುತ್ತೆ, ಮೊದಲು ಮೇನ್ ತೆಗೀಬೇಕು, ಹೊಗೆ ತುಂಬಿದರೆ ಏನೂ ಮಾಡೋಕೆ ಹೋಗದೆ ಹೊರಗೆ ಬಂದು 101ಕ್ಕೋ 112ಕ್ಕೋ ಫೋನ್ ಮಾಡಬೇಕು ಅಂತ ವಿವರಿಸಿದೆ.

"ಮೇನ್ ಎಲ್ಲಿದೆ ಅಂತಲೇ ನಂಗೆ ಗೊತ್ತಿಲ್ವಲ್ಲೋ" ಅಂದರು.

ಮೇನ್ ಇದ್ದದ್ದು ಹಜಾರದಲ್ಲಿ, ಕ್ಯಾಲೆಂಡರ್ ಹಿಂದೆ. ಅದರ ಮುಂದೆ ಹಳೇ ಪೇಪರಿನ ರಾಶಿ. ಕ್ಯಾಲೆಂಡರ್ ಪಕ್ಕದ ಗೋಡೆಗೆ ಹೋಯಿತು, ಪೇಪರ್ ಜಗುಲಿಗೆ. ಮೇನ್ ಸ್ವಿಚ್ಚಿನ ಪಕ್ಕ ಕುಂಕುಮದಲ್ಲಿ ಬೊಟ್ಟು ಇಡೋದು ಅಜ್ಜಿಯದೇ ಐಡಿಯಾ. ಒಂದ್ಸಲ ನೀವೇ ತೆಗೆದು ನೋಡಿ ಅಂದೆ. ಮೊದಲು ಹಿಂಜರಿದರು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಠಪ್ ಅಂತ ಕೆಳಗೆ ಎಳೆದರು. ಫ್ಯಾನ್ ನಿಂತಿತು, ಫ್ರಿಜ್ಜಿನ ಗುಯ್ ಅನ್ನೋದು ನಿಂತಿತು. ಒಳಗಿನ ರೂಮಿನಿಂದ ಮೊಮ್ಮಗ "ಅಜ್ಜೀ, ಕರೆಂಟ್ ಹೋಯ್ತು" ಅಂತ ಕೂಗಿದ.

"ಹೋಗಿಲ್ಲ ಕಣೋ, ನಾನೇ ತೆಗ್ದೆ" ಅಂದರು ಅಜ್ಜಿ.