ಡಿಸಿ ಕರೆಂಟ್ ಹೋದ ರಾತ್ರಿ

20 ಆಗಸ್ಟ್ 2024, ಮಂಗಳವಾರ

ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಊಟ ಆಯ್ತು, ನಿದ್ದೆ ಹತ್ತಿರ ಸುಳೀತಿಲ್ಲ. ಪ್ರತಿ ವರ್ಷ ಈ ತಾರೀಕಿಗೆ ಹೀಗೇ. 2020ರಲ್ಲಿ ಇದೇ ರಾತ್ರಿ ಹತ್ತೂವರೆ ಹೊತ್ತಿಗೆ ತೆಲಂಗಾಣದ ಶ್ರೀಶೈಲಂ ಎಡದಂಡೆ ಪವರ್ ಹೌಸಲ್ಲಿ ಬೆಂಕಿ ಬಿತ್ತು, ಒಂಬತ್ತು ಜನ ವಾಪಸ್ ಬರ್ಲಿಲ್ಲ. ಏಳು ಜನ ಅಲ್ಲಿಯ ಜೆನ್ಕೋ, ಅಂದ್ರೆ ಸರ್ಕಾರಿ ವಿದ್ಯುತ್ ಉತ್ಪಾದನಾ ಕಂಪನಿಯವರು, ಇಬ್ಬರು ಬ್ಯಾಟರಿ ಕೆಲಸಕ್ಕೆ ಅಂತ ಬ್ಯಾಟರಿ ಕಂಪನಿಯಿಂದ ಬಂದಿದ್ದವರು.

ನಮ್ದೂ ಗುಡ್ಡದೊಳಗಿನ ಪವರ್ ಹೌಸೇ, ಅದಕ್ಕೇ ಇಷ್ಟು ತಟ್ಟೋದು. ಅಲ್ಲಿ 150 ಮೆಗಾವ್ಯಾಟಿನ ಆರು ಮಷಿನ್ನು, ಒಟ್ಟು 900. ಆಗಸ್ಟ್ ಅಂದ್ರೆ ಕೃಷ್ಣೆ ತುಂಬಿ ಹರಿಯೋ ಕಾಲ, ನಮ್ಮ ಆಲಮಟ್ಟಿ ನಾರಾಯಣಪುರ ದಾಟಿದ ನೀರೇ ಅಲ್ಲಿಗೆ ಹೋಗಿ ಸೇರೋದು, ಅಂಥ ಹೊತ್ತಲ್ಲಿ ಮಷಿನ್ ನಿಲ್ಸೋಕೆ ಯಾರಿಗೂ ಮನಸ್ಸು ಬರಲ್ಲ. ಆ ರಾತ್ರಿ ಬ್ಯಾಟರಿ ಬದಲಾಯಿಸೋ ಕೆಲಸ ನಡೀತಿತ್ತು.

ಹೊರಗಿನವರಿಗೆ ಬ್ಯಾಟರಿ ಅಂದ್ರೆ ಏನ್ ಮಹಾ ಅನ್ಸುತ್ತೆ. ನಮ್ಮ ಬ್ಯಾಟರಿ ರೂಮಲ್ಲಿ ನೂರಾಹತ್ತು ಸೆಲ್ ಸಾಲಾಗಿ ಕೂತಿವೆ, ಒಂದೊಂದು ಎರಡು ವೋಲ್ಟು, ಸೇರಿ 220 ವೋಲ್ಟ್ ಡಿಸಿ, ಅಂದ್ರೆ ಒಂದೇ ದಿಕ್ಕಲ್ಲಿ ಹರಿಯೋ ಬ್ಯಾಟರಿ ಕರೆಂಟ್. ರಿಲೇ, ಬ್ರೇಕರ್ ಬಿಡಿಸೋ ಟ್ರಿಪ್ ಕಾಯಿಲ್, ಅಲಾರಂ, ಎಮರ್ಜೆನ್ಸಿ ಲೈಟು ಎಲ್ಲಾ ಬದುಕೋದು ಅದರ ಮೇಲೆ. ಎಲ್ಲೋ ಶಾರ್ಟ್ ಆದ್ರೆ ರಿಲೇ ಅದನ್ನ ಕಂಡುಹಿಡಿದು ಬ್ರೇಕರ್ ಬಿಡಿಸಿ ಕರೆಂಟ್ ಕತ್ತರಿಸ್ಬೇಕು, ಕಣ್ಣು ಮಿಟುಕಿಸೋದರೊಳಗೆ ಆಗೋ ಕೆಲಸ ಅದು. ಡಿಸಿ ಇಲ್ಲ ಅಂದ್ರೆ ರಿಲೇ ಕುರುಡು, ಬ್ರೇಕರಿಗೆ ಕೈಯಿಲ್ಲ, ಮಷಿನ್ ಒಂದು ಕಡೆಯಿಂದ ಗ್ರಿಡ್ ಇನ್ನೊಂದು ಕಡೆಯಿಂದ ಆ ಶಾರ್ಟಿಗೆ ಕರೆಂಟ್ ಸುರೀತಾನೇ ಇರುತ್ತೆ. ಆಮೇಲೆ ಪ್ಯಾನೆಲ್ ಹೊತ್ಕೊಳ್ಳುತ್ತೆ, ಅಲ್ಲಿಂದ ಕೇಬಲ್ಲು. ಕೇಬಲ್ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟ ಹೊಗೆ ಎರಡು ಸಲ ಎಳ್ಕೊಂಡ್ರೆ ಗಂಟಲು ಕಟ್ಟುತ್ತೆ, ಗುಡ್ಡದೊಳಗೆ ಆ ಹೊಗೆಗೆ ಹೋಗೋಕೆ ಜಾಗ ಎಲ್ಲಿ, ಜನ ಓಡಬೇಕಾದ ಟನಲ್ಲಲ್ಲೇ ಅದೂ ತುಂಬ್ಕೊಳ್ಳುತ್ತೆ.

2016ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶರಾವತಿ ಪವರ್ ಹೌಸಿಗೂ ಬೆಂಕಿ ಬಿದ್ದು 1035 ಮೆಗಾವ್ಯಾಟ್ ನಿಂತೋಗಿತ್ತು. ಆದ್ರೆ ಅದು ನೆಲದ ಮೇಲಿನ ಕಟ್ಟಡ, ಹೊರಗೆ ಬಂದ್ರೆ ಆಕಾಶ ಇದೆ.

ರಷ್ಯಾದ ಸಯಾನೊ ಶುಶೆನ್ಸ್ಕಾಯಾ ಜಲವಿದ್ಯುತ್ ಸ್ಟೇಷನ್ನಿನ ದುರಂತವೂ ಆಗಸ್ಟಲ್ಲೇ, 2009ರ 17ನೇ ತಾರೀಕು, 75 ಜನ ಹೋದ್ರು. ಅಲ್ಲಿ ಕೊಂದಿದ್ದು ನೀರು, ಎರಡನೇ ಮಷಿನಿನ ಕವರ್ ಬೋಲ್ಟುಗಳು ಬಿರುಕುಬಿಟ್ಟು ಮುರಿದು ಇಡೀ ಮಷಿನ್ನೇ ಮೇಲಕ್ಕೆ ಹಾರಿತ್ತು. ಆದ್ರೆ ಹಿಂದಿನ ರಾತ್ರಿ ಬ್ರಾತ್ಸ್ಕ್ ಸ್ಟೇಷನ್ನಲ್ಲಿ ಬೆಂಕಿ ಬಿದ್ದು ಅದು ನೋಡ್ಕೊಳ್ತಿದ್ದ ಲೋಡ್ ಏರಿಸಿ ಇಳಿಸೋ ಕೆಲಸ ಇವರ ತಲೆ ಮೇಲೆ ಬಂದಿತ್ತು ಅನ್ನೋದು ನನ್ನ ತಲೆಯಿಂದ ಹೋಗಲ್ಲ. ಮಷಿನ್ ಹಾರಿದ ಮೇಲೆ ಸ್ಟೇಷನ್ನಿನ ಸ್ವಂತ ಕರೆಂಟೂ ಹೋಗಿ ಸಿಬ್ಬಂದಿ ಡ್ಯಾಮ್ ಮೇಲಕ್ಕೆ ಹತ್ತಿ ಗೇಟುಗಳನ್ನ ಕೈಯಿಂದ ಇಳಿಸಿದ್ರು.

ನಮ್ಮಲ್ಲೂ ಒಂದ್ಸಲ, ನಾನು ಸೇರಿದ ಹೊಸದ್ರಲ್ಲಿ, ಡಿಸಿ ಅರ್ತ್ ಫಾಲ್ಟ್, ಅಂದ್ರೆ ಡಿಸಿ ವೈರು ಎಲ್ಲೋ ನೆಲಕ್ಕೆ ತಾಗಿದೆ ಅನ್ನೋ ಅಲಾರಂ, ಮೂರು ದಿನದಿಂದ ಹೊಡ್ಕೊಳ್ತಿತ್ತು, ಎಲ್ರೂ ಅಕ್ಸೆಪ್ಟ್ ಬಟನ್ ಒತ್ತಿ ಸುಮ್ನಾಗ್ತಿದ್ವಿ, ನಾನೂ ಒತ್ತಿದೀನಿ. ನಾಲ್ಕನೇ ದಿನ ಕೇಬಲ್ ಟ್ರೆಂಚಿಂದ ಹೊಗೆ ಬಂತು. ಹಳೇ ಚಾರ್ಜ್‌ಮನ್ ಒಬ್ರು ವಾಸನೆ ಹಿಡಿದೇ ಓಡಿಬಂದು ಅಲ್ಲಿಗೆ ಕರೆಂಟ್ ಕೊಡೋ ಫೀಡರ್ ತೆಗೆದ್ರು, ಇಲ್ದಿದ್ರೆ ಇದನ್ನ ಬರೆಯೋಕೆ ನಾನಿರ್ತಿರ್ಲಿಲ್ಲ.

ಇವತ್ತು ಹೊಸ ಅಪ್ರೆಂಟಿಸ್ ಹುಡುಗನ್ನ ಕರ್ಕೊಂಡು ಟಾರ್ಚ್ ಆರಿಸಿ, ಕೈಯಲ್ಲಿ ಗೋಡೆ ಸವರ್ಕೊಂಡು ಮಷಿನ್ ಹಾಲಿಂದ ಎಸ್ಕೇಪ್ ದಾರಿ ಪೂರ್ತಿ ನಡೆಸ್ದೆ. "ಸಾರ್, ಲೈಟ್ ಇದೆಯಲ್ಲ, ಯಾಕೆ ಹಿಂಗೆ" ಅಂದ. "ಹೊಗೇಲಿ ಲೈಟ್ ಕಾಣಲ್ಲ ಮಾರಾಯ, ಮೆಟ್ಟಿಲು ಎಣಿಸ್ಕೋ" ಅಂದೆ. ಎಣಿಸ್ಕೊಂಡೇ ಬಂದ ಪಾಪ, ಮೇಲೆ ಬಂದ್ಮೇಲೆ ಶ್ರೀಶೈಲಂ ವಿಷಯ ಹೇಳ್ದೆ, ಸುಮಾರು ಹೊತ್ತು ಮಾತಾಡ್ಲಿಲ್ಲ.

ವಾಪಸ್ ಇಳೀವಾಗ ನೋಡ್ತೀನಿ, ಎರಡನೇ ತಿರುವಿನ ಎಮರ್ಜೆನ್ಸಿ ಲೈಟ್ ಉರೀತಿಲ್ಲ. ಲಾಗ್ ಬುಕ್ಕಲ್ಲಿ ಬರೆದು ಬಂದಿದ್ದೆ. ಈಗ ನೈಟ್ ಶಿಫ್ಟಿನವರಿಗೆ ಫೋನ್ ಮಾಡಿ ಕೇಳ್ದೆ, ಬಲ್ಬ್ ಸ್ಟೋರಲ್ಲಿದೆಯಂತೆ, ಸ್ಟೋರ್ ತೆಗೆಯೋದು ಬೆಳಿಗ್ಗೆ ಒಂಬತ್ತಕ್ಕೆ. ನಂದು ಮಧ್ಯಾಹ್ನದ ಡ್ಯೂಟಿ, ಆದ್ರೂ ಒಂಬತ್ತಕ್ಕೇ ಹೋಗ್ತೀನಿ.