ತ್ರೆಸ್ ಸಪೋತೆಸ್‌ಗೆ ಹೋಗುವವರಿಗೆ: ಹಳ್ಳಿ ಮ್ಯೂಸಿಯಂನಲ್ಲಿ ಒಲ್ಮೆಕ್ ಕಲ್ಲುಗಳು

ಮೆಕ್ಸಿಕೋದ ಪ್ರಾಚೀನ ನಾಗರಿಕತೆಯಾದ ಒಲ್ಮೆಕ್ ಜನ ಕೆತ್ತಿದ ದೈತ್ಯ ಕಲ್ಲಿನ ತಲೆಗಳನ್ನು ನೋಡಬೇಕು ಅಂತ ಮೆಕ್ಸಿಕೋಗೆ ಬರುವವರು ಹೆಚ್ಚಾಗಿ ಹಲಾಪಾ ಮ್ಯೂಸಿಯಂಗೆ ಹೋಗುತ್ತಾರೆ. ಅಲ್ಲಿ 7 ತಲೆಗಳಿವೆ, ಖಂಡಿತ ನೋಡಿ. ಆದರೆ ಇನ್ನೊಂದೆರಡು ದಿನ ಬಿಡುವಿದ್ದರೆ ಅದೇ ವೆರಾಕ್ರೂಸ್ ರಾಜ್ಯದ ತ್ರೆಸ್ ಸಪೋತೆಸ್ ಹಳ್ಳಿಯನ್ನು ಬಿಡಬೇಡಿ.

ವೆರಾಕ್ರೂಸ್ ಬಂದರಿನಿಂದ ಸಾಂತಿಯಾಗೊ ತುಸ್ತ್ಲಾಗೆ ಬಸ್ಸಿನಲ್ಲಿ ಸುಮಾರು 3 ಗಂಟೆ ದಾರಿ. ರಾತ್ರಿ ಅಲ್ಲೇ ಉಳಿಯಿರಿ. ಊರ ಚೌಕದಲ್ಲೇ ಕೊಬಾತಾ ತಲೆ ಇದೆ. ಇದುವರೆಗೆ ಸಿಕ್ಕಿರುವ 17 ತಲೆಗಳಲ್ಲಿ ಇದೇ ದೊಡ್ಡದು, ಎತ್ತರ ಸುಮಾರು 3.4 ಮೀಟರ್. ಕಣ್ಣು ಮುಚ್ಚಿದ ಮುಖ. ಪಕ್ಕದ ಮ್ಯೂಸಿಯಂನಲ್ಲಿ ಇನ್ನೊಂದು ತಲೆಯಿದೆ. ತ್ರೆಸ್ ಸಪೋತೆಸ್ ಮ್ಯೂಸಿಯಂ ನಾಳೆ ತೆರೆದಿರುತ್ತಾ ಅಂತಲೂ ಅಲ್ಲೇ ಕೇಳಿಕೊಳ್ಳಿ.

ಬೆಳಿಗ್ಗೆ ತ್ರೆಸ್ ಸಪೋತೆಸ್‌ಗೆ ಶೇರ್ ಟ್ಯಾಕ್ಸಿ ಹಿಡಿಯಿರಿ. ಸೀಟು ತುಂಬಿದ ಮೇಲೇ ಹೊರಡೋದು, ಅವಸರ ಮಾಡಿ ಪ್ರಯೋಜನವಿಲ್ಲ. 20 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ದೂರ. ಚಿಲ್ಲರೆ ಪೆಸೊ ಇಟ್ಟುಕೊಂಡಿರಿ.

ಮ್ಯೂಸಿಯಂ ತುಂಬ ಚಿಕ್ಕದು. ಅವಸರದಲ್ಲಿದ್ದರೆ ಹತ್ತು ನಿಮಿಷದಲ್ಲಿ ಮುಗಿಸಬಹುದು, ಹಾಗೆ ಮಾಡಬೇಡಿ. ನಡುವೆ ಇರುವ ತಲೆಯೇ ಹೊರಜಗತ್ತಿಗೆ ಮೊದಲು ಗೊತ್ತಾದ ಒಲ್ಮೆಕ್ ತಲೆ. ಎತ್ತರ ಒಂದೂವರೆ ಮೀಟರ್‌ಗೆ ತುಸು ಕಡಿಮೆ. ಕಾಡು ಕಡಿಯುತ್ತಿದ್ದ ಕೂಲಿಯೊಬ್ಬ ಮಣ್ಣಿನಲ್ಲಿ ಕಂಡ ಇದರ ನೆತ್ತಿಯನ್ನು ಬೋರಲು ಬಿದ್ದ ದೊಡ್ಡ ಕೊಪ್ಪರಿಗೆ ಅಂದುಕೊಂಡಿದ್ದನಂತೆ. ಹೊಸೆ ಮರಿಯಾ ಮೆಲ್ಗಾರ್ ಎಂಬ ಅನ್ವೇಷಕ 1862ರಲ್ಲಿ ಇದನ್ನು ನೋಡಿ, 1869ರಲ್ಲಿ ಇದರ ಬಗ್ಗೆ ಬರೆದು ಪ್ರಕಟಿಸಿದ.

ನಾನು ಹೆಚ್ಚು ಹೊತ್ತು ನಿಂತದ್ದು ಮಾತ್ರ ಒಂದು ಮುರಿದ ಕಲ್ಲಿನ ಮುಂದೆ. ಅದು 'ಸಿ' ಶಾಸನಗಲ್ಲಿನ ಮೇಲಿನ ಅರ್ಧ. ಕೆಳಗಿನ ಅರ್ಧ ಪುರಾತತ್ವಜ್ಞ ಮ್ಯಾಥ್ಯೂ ಸ್ಟರ್ಲಿಂಗ್‌ಗೆ 1939ರಲ್ಲಿ ಸಿಕ್ಕಿತು, ಅದೀಗ ಮೆಕ್ಸಿಕೋ ಸಿಟಿಯಲ್ಲಿದೆ. ಅದರ ಮೇಲೆ ಅಲ್ಲಿನ ಪ್ರಾಚೀನ ದಿನಗಣನೆಯ ತಾರೀಕು ಇತ್ತು, ಆದರೆ ಮೊದಲ ಅಂಕಿಯೇ ಇರಲಿಲ್ಲ. ಅದು 7 ಇರಬೇಕು ಅಂತ ಸ್ಟರ್ಲಿಂಗ್ ಅವರ ಹೆಂಡತಿ ಮೇರಿಯನ್ ಲೆಕ್ಕ ಹಾಕಿದರು. ಹಾಗಾದರೆ ಕ್ರಿಸ್ತಪೂರ್ವ 32ನೇ ಇಸವಿ! ಅಷ್ಟು ಹಳೆಯದು ಅಂದರೆ ಹಲವು ವಿದ್ವಾಂಸರು ನಂಬಲಿಲ್ಲ. 30 ವರ್ಷದ ನಂತರ, 1969ರಲ್ಲಿ, ಮೇಲಿನ ಅರ್ಧ ಸಿಕ್ಕಿತು. ಅಂಕಿ ಏಳೇ ಆಗಿತ್ತು. ಆ ಕಾಲದ ಅಂಕಿಗಳಲ್ಲಿ ಗೆರೆ ಅಂದರೆ ಐದು, ಚುಕ್ಕಿ ಅಂದರೆ ಒಂದು. ಒಂದು ಗೆರೆ, ಎರಡು ಚುಕ್ಕಿ ಹುಡುಕಿ. ನೇರ ನಿಂತರೆ ಸವೆದ ಗೆರೆ ಸರಿಯಾಗಿ ಕಾಣಲ್ಲ, ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಮೆಕ್ಸಿಕೋ ಸಿಟಿಯಲ್ಲಿ ಇನ್ನೊಂದು ಅರ್ಧವನ್ನು ಮೊದಲೇ ನೋಡಿ ಬಂದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ವಿವರಣೆ ಸ್ಪ್ಯಾನಿಷ್‌ನಲ್ಲಿದೆ. ಅನುವಾದದ ಆ್ಯಪ್‌ಗೆ ಬೇಕಾದ ಫೈಲನ್ನು ಮೊದಲೇ ಇಳಿಸಿಕೊಳ್ಳಿ.

ಸಸ್ಯಾಹಾರಿಗಳು ಒಂದು ಗಮನಿಸಿ. ಬೀನ್ಸ್ ಪಲ್ಯಕ್ಕೂ ಹಂದಿ ಕೊಬ್ಬು ಹಾಕುವುದುಂಟು. 'ಸಿನ್ ಕಾರ್ನೆ, ಸಿನ್ ಮಾಂತೇಕಾ' (ಮಾಂಸ ಬೇಡ, ಹಂದಿ ಕೊಬ್ಬು ಬೇಡ) ಅಂತ ಕೇಳಿ. ಬಾಳೆಹಣ್ಣು ಚೀಲದಲ್ಲಿದ್ದರೆ ಒಳ್ಳೇದು. ಸೆಖೆ, ಸೊಳ್ಳೆ ಎರಡೂ ಜಾಸ್ತಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ.

ಇಳಿದ ತಕ್ಷಣ ವಾಪಸ್ ಟ್ಯಾಕ್ಸಿ ಎಲ್ಲಿ ನಿಲ್ಲುತ್ತೆ, ಕೊನೆಯದು ಎಷ್ಟು ಹೊತ್ತಿಗೆ ಅಂತ ಡ್ರೈವರ್ ಹತ್ತಿರವೇ ಕೇಳಿಟ್ಟುಕೊಳ್ಳಿ. ಸಂಜೆವರೆಗೆ ಕಾಯಬೇಡಿ.