ತುಮರಿ ಕಡೆಗೊಂದು ಟ್ರಿಪ್: ಸೇತುವೆ ಬಂದಮೇಲೆ ಕಾಣದ ದ್ವೀಪ

ಸಿಗಂದೂರು ಚೌಡೇಶ್ವರಿ ಗುಡಿಗೆ ಹೋಗ್ಬಂದೆ ಅನ್ನೋರು ನಮ್ ಶಿವಮೊಗ್ಗದಲ್ಲಿ ಮನೆಗೊಬ್ರು ಸಿಗ್ತಾರೆ, ಅಲ್ಲೇ ಪಕ್ಕದ ತುಮರಿ ಕಡೆ ಒಂದ್ ರಾತ್ರಿ ಉಳ್ಕೊಂಡಿದ್ದೆ ಅನ್ನೋರು ಮಾತ್ರ ಕಮ್ಮಿ. ದರ್ಶನ ಮಾಡು, ಊಟ ಮಾಡು, ವಾಪಸ್ ಬಾ, ಅಷ್ಟೇ. ಡಿಸೆಂಬರಲ್ಲಿ ಫ್ರೆಂಡ್ ಒಬ್ಬನ ದೊಡ್ಡಪ್ಪನ ಮನೇಲಿ ಅಡಿಕೆ ಕೊಯ್ಲು, ಬನ್ನಿ ಅಂತ ಕರೆದಿದ್ರು, ಕರೂರು ಹೋಬಳಿ, ಮೂರ್ ಜನ ಕಾರ್ ಹತ್ತಿ ಹೊರಟ್ವಿ.

ಸಾಗರ ಪೇಟೆ ದಾಟಿ ಅಂಬಾರಗೋಡ್ಲು ಬಂತು ಅಂದ್ರೆ ಈಗ ಶರಾವತಿ ಹಿನ್ನೀರಿನ ಮೇಲೆ ಸೇತುವೆ. 2018ರಲ್ಲಿ ಶಿಲಾನ್ಯಾಸ ಆಗಿ 2025ರ ಜುಲೈ 14ಕ್ಕೆ ಉದ್ಘಾಟನೆ ಆಗಿದ್ದು, 2.44 ಕಿಲೋಮೀಟರ್ ಉದ್ದ, ಆಚೆ ದಡ ಕಳಸವಳ್ಳಿ. ನಾಲ್ಕೈದು ನಿಮಿಷ ಸಾಕು, ಅದೂ ಸೆಲ್ಫಿಗೆ ನಿಂತಿರೋ ಕಾರುಗಳನ್ನ ತಪ್ಪಿಸ್ಕೊಂಡು ಹೋದ್ರೆ. ಹಿಂದಿನ ಸೀಟಲ್ಲಿದ್ದ ಬೆಂಗಳೂರು ಹುಡುಗ "ದ್ವೀಪ ಅಂದ್ಯಲ್ಲ, ಎಲ್ಲಿ?" ಅಂದ. ದಾಟಾಯ್ತು ಮಾರಾಯ ಅಂದೆ.

ಮ್ಯಾಪ್ ಹಿಡ್ಕೊಂಡು ಜಗಳಕ್ಕೆ ಬಂದ್ರೆ ಇದು ದ್ವೀಪಾನೇ ಅಲ್ಲ ಬಿಡಿ. ಮೂರು ಕಡೆ ಶರಾವತಿ ಹಿನ್ನೀರು, ಇನ್ನೊಂದು ಕಡೆ ಕಾಡು, ಘಟ್ಟ. ಆ ಕಡೆಯಿಂದ ಭಟ್ಕಳಕ್ಕೂ, ಹೊಸನಗರ ತಾಲೂಕಿನ ನಗರ ಅನ್ನೋ ಊರಿಗೂ ರಸ್ತೆ ಇತ್ತು, ಆದ್ರೆ ಇವರ ತಾಲೂಕು ಆಫೀಸು, ದೊಡ್ಡಾಸ್ಪತ್ರೆ, ಕಾಲೇಜು, ಮಂಡಿ ಎಲ್ಲ ಇರೋದು ಸಾಗರದಲ್ಲಿ, ಸಾಗರಕ್ಕೆ ಹೋಗ್ಬೇಕಂದ್ರೆ ಹೊಳೆಬಾಗಿಲಲ್ಲಿ ಲಾಂಚ್, ಅಂದ್ರೆ ಜನ, ಗಾಡಿ ದಾಟಿಸೋ ದೋಣಿ, ಹತ್ಬೇಕಿತ್ತು. ಸಂಜೆ ಕೊನೇ ಲಾಂಚ್ ಹೋಯ್ತು ಅಂದ್ರೆ ಮುಗೀತು, ಬೆಳಿಗ್ಗೆ ತನಕ ದ್ವೀಪಾನೇ.

ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯೋಕೆ ಕೂತಾಗ ದೊಡ್ಡಪ್ಪ ಬಾಯಿ ಬಿಟ್ಟಿದ್ದು. ಮೆಟ್ಟುಗತ್ತಿ ಮೇಲೆ ಕೂತು ಹಸಿ ಅಡಿಕೆನ ಕತ್ತಿಗೆ ಒತ್ತಿ ಒಂದ್ ತಿರುವು ತಿರುವಿದ್ರೆ ಸಿಪ್ಪೆ ಆ ಕಡೆ ಅಡಿಕೆ ಈ ಕಡೆ, ನೋಡ್ತಾನೇ ಇಲ್ಲ ಅವರು, ಕಣ್ಣು ನಮ್ ಮೇಲಿದೆ ಕೈ ಅದ್ರ ಪಾಡಿಗೆ ಓಡ್ತಿದೆ, ಕರೆ ಹತ್ತಿ ಬೆರಳೆಲ್ಲ ಕಪ್ಪು. ನಾನೂ ಒಂದ್ ಸ್ವಲ್ಪ ಹೊತ್ತು ಕೂತೆ, ದೊಡ್ಡಮ್ಮ ನನ್ ಅಡಿಕೆ ಎತ್ತಿ ನೋಡಿ "ಇದು ಸುಲಿದಿದ್ದಾ, ಇಲಿ ಕಡಿದಿದ್ದಾ?" ಅಂದ್ರು.

ಈ ಹಿನ್ನೀರು ನಿಲ್ಲಿಸಿರೋ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ದೊಡ್ಡಪ್ಪ ಆಗ ಚಿಕ್ಕ ಹುಡುಗ. ಅದಕ್ಕೂ ಮುಂಚೆ ಇನ್ನೊಂದು ಡ್ಯಾಮ್ ಇತ್ತು ಮಡೆನೂರಿನ ಹತ್ರ, ಹಿರೇಭಾಸ್ಕರ ಅಂತ, 1948ಕ್ಕೆ ರೆಡಿ ಆಗಿದ್ದು, ಜೋಗದಲ್ಲಿ ಕರೆಂಟ್ ತಯಾರಿಸೋಕೆ. ಗೇಟ್ ಇಲ್ಲ ಅದಕ್ಕೆ, ನೀರು ಒಂದು ಮಟ್ಟಕ್ಕೆ ಬಂತಂದ್ರೆ ದೊಡ್ಡ ಬಾವಿ ಥರದ ಸೈಫನ್‌ಗಳು ತಾವೇ ಎಳ್ಕೊಂಡು ಕೆಳಗೆ ಬಿಡ್ತಿದ್ವಂತೆ. ಲಿಂಗನಮಕ್ಕಿ ಕಟ್ಟಿದ್ದು ಅದರಿಂದ ಕೆಳಗೆ, ಇನ್ನೂ ಎತ್ತರಕ್ಕೆ, ಸಮುದ್ರಮಟ್ಟದಿಂದ 1819 ಅಡಿ ತನಕ ನೀರು. ಹಾಗಾಗಿ ಹಳೇ ಡ್ಯಾಮೇ ಹೊಸ ಡ್ಯಾಮಿನ ನೀರಲ್ಲಿ ಮುಳುಗ್ತು! ಬೇಸಿಗೇಲಿ ನೀರು ಪೂರ ಇಳಿದ್ರೆ ಈಗಲೂ ಎದ್ದು ಕಾಣತ್ತೆ. ಡ್ಯಾಮಿಗೇ ಹಿಂಗಾದ್ರೆ ಊರುಗಳ ಕಥೆ ಕೇಳ್ಬೇಕಾ. ದೊಡ್ಡಮ್ಮನ ತವರಿನವರು ಎರಡು ಸಲ ಮನೆ ಬಿಟ್ಟು ಎದ್ದವರು, ಮೊದಲು ಮಡೆನೂರು ಡ್ಯಾಮಿಗೆ, ಆಮೇಲೆ ಲಿಂಗನಮಕ್ಕಿಗೆ.

"ಗದ್ದೆ ಒಡೇರ ಹೆಸರಲ್ಲಿತ್ತು, ನಾವು ಗೇಣಿ ಮಾಡ್ತಿದ್ವಿ, ಪರಿಹಾರ ಯಾರಿಗೆ ಹೋಗತ್ತೆ ಹೇಳು" ಅಂದ್ರು ದೊಡ್ಡಪ್ಪ. ಎಷ್ಟೋ ಮನೆಯವರನ್ನ ಸಾಮಾನು ಸಮೇತ ಲಾರಿಗೆ ಹತ್ತಿಸಿ ಶಿವಮೊಗ್ಗ ಕಡೆ ಕಾಡಲ್ಲಿ ಇಳಿಸಿದ್ರು, ಅವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡ್ತಾ ಇದಾರೆ. ಇವರು ಹೋಗ್ಲಿಲ್ಲ, ಸಾಮಾನು ಹೊತ್ಕೊಂಡು ಗುಡ್ಡದ ಮೇಲ್ಗಡೆ ಬಂದು ಗುಡಿಸಲು ಹಾಕಿದ್ರು. ಕೆಳಗೆ ನೀರು ಏರಿ ಸಾಗರದ ದಾರಿನೇ ನುಂಗ್ತು. ಶರಾವತಿ ಕರೆಂಟು ಊರೂರಿಗೆ ಹೋಯ್ತು, ಇವರು ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿ ಹಚ್ಕೊಂಡೇ ಕೂತಿದ್ರು. ನನಗೆ ಸಿಟ್ಟು ಬರೋದು ಇಲ್ಲೇ. ಡ್ಯಾಮ್ ಕಟ್ಟೋಕೆ ಸಿಕ್ಕ ದುಡ್ಡು, ಇಂಜಿನಿಯರ್‌ಗಳು, ಅವಸರ, ಇವ್ಯಾವೂ ಒಂದು ಸೇತುವೆಗೆ 60 ವರ್ಷ ಸಿಗ್ಲಿಲ್ಲ ಅಂದ್ರೆ ಏನನ್ಬೇಕು?

ಲಾಂಚ್ ಹೋಯ್ತಲ್ಲ, ಎಷ್ಟ್ ಚೆನ್ನಾಗಿತ್ತು ಅಂತ ನಮ್ ಬೆಂಗಳೂರು ಹುಡುಗ ಬಾಯಿ ಬಿಟ್ಟ. ಲಾಂಚಲ್ಲಿ ಬಸ್ಸು, ಕಾರು, ದನ, ಮದುವೆ ದಿಬ್ಬಣ ಎಲ್ಲ ಒಟ್ಟಿಗೆ ಹೋಗೋ ಫೋಟೋ ನಾವೂ ಹಾಕ್ಕೊಂಡವರೇ. ದೊಡ್ಡಮ್ಮ ಕೈ ನಿಲ್ಲಿಸಿದ್ರು. "ನಿಮಗೆ ಚೆಂದ ಕಾಣತ್ತಪ್ಪ. ಮಳೆಗಾಲದಲ್ಲಿ ಗಾಳಿ ಎದ್ರೆ ಬಿಡ್ತಿರ್ಲಿಲ್ಲ, ಬೇಸಿಗೇಲಿ ನೀರಿಳಿದ್ರೆ ಗಾಡಿ ಹತ್ತಿಸ್ತಿರ್ಲಿಲ್ಲ. ಹೆರಿಗೆ ನೋವು ಲಾಂಚ್ ಟೈಮ್ ನೋಡ್ಕೊಂಡು ಬರತ್ತಾ?" ಹಾಗಂತ ಸೇತುವೆ ಬಂದು ಎಲ್ಲ ಒಳ್ಳೇದೇ ಆಯ್ತು ಅಂತಾನೂ ಅವರು ಹೇಳಲ್ಲ. ಲಾಂಚ್ ಕಾಯೋರನ್ನ ನಂಬಿ ಚಹಾ, ಮಂಡಕ್ಕಿ ಮಾರ್ತಿದ್ದವರ ವ್ಯಾಪಾರ ಬಿದ್ದೋಯ್ತು, ಭಾನುವಾರ ಬಂತಂದ್ರೆ ಕಾರಿನ ಕಾಟ, ಜಾಗ ಕೇಳ್ಕೊಂಡು ರೆಸಾರ್ಟ್‌ನೋರು ಬರ್ತಾರೆ. ಮಗ ಮಾರೋಣ ಅಂತಾನೆ, ದೊಡ್ಡಪ್ಪ ಬಿಲ್‌ಕುಲ್ ಬೇಡ ಅಂತಾರೆ, ಅದು ಅವರ ಮನೆ ವಿಷ್ಯ.

ವಾಪಸ್ ಬರುವಾಗ ನಂಗೊಂದು ಹುಚ್ಚು, ಸೇತುವೆ ಬೇಡ, ಲಾಂಚ್ ತಪ್ಪಿದವರು ಹೋಗ್ತಿದ್ದ ದಾರೀಲೇ ಹೋಗೋಣ ಅಂದೆ. ಬ್ಯಾಕೋಡು, ನಿಟ್ಟೂರು, ನಗರ, ಹೊಸನಗರ, ಬಟ್ಟೆಮಲ್ಲಪ್ಪ, ಆಮೇಲೆ ಸಾಗರ. ತಿರುವು ಮೇಲೆ ತಿರುವು, ಕಾಡು ಬಿಟ್ರೆ ಕಾಡು, ಮೊಬೈಲಲ್ಲಿ ಸಿಗ್ನಲ್ ಇಲ್ಲ, ಎದುರಿಗೆ ಬಸ್ ಬಂದ್ರೆ ಚರಂಡಿಗೆ ಇಳೀಬೇಕು. ನಗರ ಮುಟ್ಟೋದ್ರೊಳಗೆ ಬೆಂಗಳೂರು ಹುಡುಗ ಕಾರ್ ನಿಲ್ಲಿಸಿ ವಾಂತಿ ಮಾಡ್ದ. ಬಾಯಿ ತೊಳ್ಕೊಂಡು ಬಂದು ಕೂತು, ಹಗಲೊತ್ತು ಒಳ್ಳೆ ಕಾರಲ್ಲೇ ಹಿಂಗೆ, ರಾತ್ರಿ ಜೀಪಲ್ಲಿ ನೋವು ತಿನ್ಕೊಂಡು ಬರ್ತಿದ್ದವರು ಸಾಗರ ಮುಟ್ತಿದ್ರಾ ಅಂತ ಕೇಳ್ದ. ಫ್ರೆಂಡ್ ಗೇರ್ ಹಾಕ್ತಾ ಹೇಳ್ದ, ನಮ್ ಅತ್ತೆ ಮಗಳು ಹುಟ್ಟಿದ್ದು ನಿಟ್ಟೂರಿನಿಂದ ಸ್ವಲ್ಪ ಮುಂದೆ, ಜೀಪಲ್ಲೇ.